ಐದು ವಾಟಿ, ಎರಡು ಪೆಡಲು

ಈ ಹೊತ್ತು ಬೆಳಿಗ್ಗೆ ಮಂಚದ ಕೆಳಗೆ ಕಸಬರಿಗೆ ಆಡಿಸುತ್ತ ಒಂದು ಹೆಜ್ಜೆ ಒಳಗಿಟ್ಟೆ ನೋಡಿ, ಹೆಬ್ಬೆರಳಿಗೆ ಏನೋ ಕಬ್ಬಿಣದಂಥದ್ದು ಬಡಿದು ಕಣ್ಣಲ್ಲಿ ನೀರು ಬಂತು. ದಸರೆಗೆ ಇನ್ನು ವಾರ ಇದೆ. ನಮ್ಮ ಮನೆಯಲ್ಲಿ ಸ್ವಚ್ಛತೆಯ ಕಾರ್ಯಕ್ರಮ ಆಗಲೇ ಶುರುವಾಗಿದೆ. ಅಂದರೆ ನಾನು ಗುಡಿಸುತ್ತೇನೆ, ಇವರು ಪೇಪರಿನಿಂದ ತಲೆ ಎತ್ತದೆ "ಆ ಮೂಲ್ಯಾಗ ಉಳೀತು" ಅನ್ನುತ್ತಾರೆ. ಬಗ್ಗಿ ನೋಡಿದರೆ ಹಳೇ ಚಾದರ ಹೊದ್ದು ಕೂತಿದ್ದಾನೆ ಮಹಾರಾಯ. ಎಳೆದರೆ ಬರಲಿಲ್ಲ. ನೆಲಕ್ಕೆ ಕೂತು, ಎರಡೂ ಕೈ ಹಚ್ಚಿ ಎಳೆದಾಗ ಹೊರಗೆ ಬಂತು. ಚಾದರ ಸರಿಸಿದ್ದೇ ತಡ, ಹೊಲಿಗೆ ಮಷೀನಿನ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು.

"ರೀ, ನಿಮ್ಮ ವಿಮಾನ ನನ್ನ ಕಾಲು ಮುರೀತು!" ಅಂದೆ.

"ವಿಮಾನ ಅಲ್ಲ ಅದು, ಪೆಡಲು," ಅಂತ ಪೇಪರಿನ ಹಿಂದಿನಿಂದ ಉತ್ತರ ಬಂತು. ಹೆಂಡತಿಯ ಕಾಲು ಮುರಿದರೂ ಚಿಂತೆಯಿಲ್ಲ, ಮಾತು ತಪ್ಪಬಾರದು. "ಹೆಂಗೂ ಸಂಜೀಕ ಒಯ್ತಾರ ಬಿಡು. ಕೊಂಡಾಪುರದಿಂದ ಒಬ್ಬಾಕಿ ಫೋನ್ ಮಾಡಿದ್ಲು, ಬಂದು ನೋಡ್ತಾಳಂತ."

ಮಾರಿರಿ ಮಾರಿರಿ ಅಂತ ಮೂರು ದಸರೆಯಿಂದ ಬೆನ್ನು ಹತ್ತಿದವಳು ನಾನೇ. ಇವರು ಕೊನೆಗೂ ಫೋಟೋ ತೆಗೆದು, ಹಳೇ ಸಾಮಾನು ಮಾರುವ ಆ ಫೋನಿನ ಬಜಾರಿಗೆ ಹಾಕಿದ್ದರು. ಖುಷಿಯಾಗಬೇಕಿತ್ತು. ಆದರೆ ಆ ಎಣ್ಣೆಯ ವಾಸನೆ ಒಳಗೆ ಹೋದಮೇಲೆ ಕಸಬರಿಗೆ ಬದಿಗಿಟ್ಟು ಅಲ್ಲೇ ಕೂತುಬಿಟ್ಟೆ.

ನಿಮಗೆ ರಡ್ಡರ್ ಪೆಡಲು ಅಂದರೇನು ಅಂತ ಗೊತ್ತಿರಲಿಕ್ಕಿಲ್ಲ. ಆರು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ, ಗೊತ್ತಿಲ್ಲದೆ ಸುಖವಾಗಿಯೇ ಇದ್ದೆ. ವಿಮಾನದ ಬಾಲದಲ್ಲಿ ನೆಟ್ಟಗೆ ನಿಂತ ಒಂದು ಹಲಗೆ ಇರುತ್ತದಲ್ಲ, ಅದಕ್ಕೆ ರಡ್ಡರ್ ಅನ್ನುತ್ತಾರೆ. ಅದನ್ನು ಆ ಕಡೆ ಈ ಕಡೆ ಹೊರಳಿಸುವುದು ಪೈಲಟನ ಕಾಲು. ಎಡಗಾಲು ಒತ್ತಿದರೆ ಮೂತಿ ಎಡಕ್ಕೆ, ಬಲಗಾಲು ಒತ್ತಿದರೆ ಬಲಕ್ಕೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಆಡುವವರೂ ಇಂಥದೇ ಪೆಡಲನ್ನು ಟೇಬಲ್ಲಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಐವತ್ತು ದಾಟಿದ, ಮೂವತ್ತು ವರ್ಷ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ದುಡಿದ, ಕ್ರಿಕೆಟ್ ನೋಡುವುದೂ ಟೈಮ್ ವೇಸ್ಟು ಅನ್ನುವ ನಮ್ಮ ಯಜಮಾನರ ಕಾಲಿಗೆ ಅದು ಹೇಗೆ ಬಂತು ಅನ್ನುವುದೇ ಕಥೆ.

ಮೊದಲು ಇವರ ಸ್ವಭಾವ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಾರ್ಖಾನೆಯಲ್ಲಿ ಇವರದು ತಪಾಸಣೆಯ ವಿಭಾಗ. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೆ ಕೆಂಪು ಬಣ್ಣ ಬಳಿದು ವಾಪಸು ಕಳಿಸುವುದು ಕೆಲಸ. ಅಳೆಯುವ ಮುಂಚೆ ಅಳತೆಯ ಸಾಧನವೇ ಸರಿಯಿದೆಯೋ ಇಲ್ಲವೋ ಅಂತ ನೋಡುತ್ತಾರೆ. ಆ ಚಟ ಮನೆಗೂ ಬಂದಿದೆ. ತರಕಾರಿ ಗಾಡಿಯವನ ತಕ್ಕಡಿಯನ್ನು ಖಾಲಿ ಎತ್ತಿ ನೋಡದೆ ಅರ್ಧ ಕಿಲೋ ಬದನೆಕಾಯಿ ತಗೊಂಡವರಲ್ಲ. ನನಗೆ ಜ್ವರ ಬಂದರೆ ಥರ್ಮಾಮೀಟರನ್ನು ಮೊದಲು ತಮ್ಮ ಬಾಯಲ್ಲಿಟ್ಟುಕೊಂಡು, ಅದು ಸರಿಯಿದೆ ಅಂತ ಖಾತ್ರಿಯಾದ ಮೇಲೆ ನನ್ನ ಬಾಯಿಗೆ. ಅಷ್ಟು ಹೊತ್ತಿಗೆ ಎಷ್ಟೋ ಸಲ ಜ್ವರ ಇಳಿದೇ ಹೋಗಿರುತ್ತದೆ.

ಇಂಥ ಮನುಷ್ಯನಿಗೆ ಆ ವರ್ಷ ಆಷಾಢದಲ್ಲಿ ಲಕ್ವಾ ಹೊಡೆಯಿತು. ದೊಡ್ಡದಲ್ಲ, ದೇವರು ದೊಡ್ಡವನು. ಸ್ನಾನ ಮುಗಿಸಿ ಬಂದವರು ಅಂಗಿಯ ಗುಂಡಿ ಹಾಕಲಾಗದೆ ಎಡಗೈ ನೋಡುತ್ತ ನಿಂತುಬಿಟ್ಟರು. ಒಂಬತ್ತು ದಿನ ಆಸ್ಪತ್ರೆ. ಮಾತು ನೆಟ್ಟಗಾಯಿತು, ಕೈ ತಿಂಗಳಲ್ಲಿ ಬಂತು, ಆದರೆ ಎಡಗಾಲಿನ ಪಾದ ಮಾತ್ರ ಹಿಂದೆ ಉಳಿಯಿತು. ಎಳೆದುಕೊಂಡು ನಡೆಯುತ್ತಿದ್ದರು. "ಕಾಲಿಗೆ ಕೆಲಸ ಕೊಡಬೇಕು, ಎಷ್ಟು ಕೊಟ್ಟರೆ ಅಷ್ಟು ಬರುತ್ತದೆ, ಮೊದಲ ಆರು ತಿಂಗಳೇ ಮುಖ್ಯ," ಅಂದರು ಡಾಕ್ಟರು. ಫಿಜಿಯೋಥೆರಪಿಯಾಕೆ ಬಂದು, ಪಾದದಿಂದ ಟವೆಲ್ ಒತ್ತಬೇಕು, ದಿನಕ್ಕೆ ಇನ್ನೂರು ಸಲ, ಅಂತ ತೋರಿಸಿ ಹೋದಳು. ಇವರು ಆರು ಎಣಿಸಿ, "ಟಾವೆಲ್ ಏನ್ ತಪ್ಪು ಮಾಡೈತಿ ಅಂತ ಒದೀಲಿ?" ಅಂತ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು.

ನಾನು ಬೈದೆ, ರಮಿಸಿದೆ, ಎಣಿಸುತ್ತ ಮುಂದೆ ಕೂತೆ. ಏನೂ ಆಗಲಿಲ್ಲ. ಒಂದು ದಿನ ಬಾಲ್ಕನಿಯಿಂದ ಕೆಳಗೆ ನಿಂತ ತಮ್ಮ ಸ್ಕೂಟರನ್ನು ನೋಡಿ, "ಅದನ್ನ ಯಾರಿಗರ ಕೊಟ್ಟುಬಿಡು, ಸುಮ್ನ ತುಕ್ಕು ಹಿಡೀತೈತಿ," ಅಂದರು. ದಿನಾ ಬೆಳಿಗ್ಗೆ ಹಳದಿ ಬಟ್ಟೆಯಲ್ಲಿ ಒರೆಸಿ, ಅದಕ್ಕೆ ಎರಡು ಮಾತಾಡಿಸಿ ಹೊರಡುತ್ತಿದ್ದ ಸ್ಕೂಟರು ಅದು. ಅವತ್ತು ನನಗೆ ಖರೇನೇ ಹೆದರಿಕೆಯಾಯಿತು. ಕಾಲಿಗಿಂತ ಮೊದಲು ಮನುಷ್ಯನೇ ಕೈಬಿಟ್ಟು ಹೋಗುತ್ತಾನೇನೋ ಅನ್ನಿಸಿತು.

ಆಗ ಮೇಲಿನ ಮನೆಯ ನಾಡಗೌಡ ಕಾಕಾ ಬಂದರು. ವಿಜಯಪುರದ ಕಡೆಯವರು, ಸಣ್ಣ ವಿಮಾನಗಳ ರಿಪೇರಿಯಲ್ಲಿ ಜೀವ ಸವೆಸಿ ರಿಟೈರಾದವರು. ನಮ್ಮದು ಹೈದರಾಬಾದಿನ ಬೇಗಂಪೇಟೆ, ಹಳೇ ವಿಮಾನ ನಿಲ್ದಾಣದಿಂದ ಅಪರೂಪಕ್ಕೆ ಒಂದು ಸಣ್ಣ ವಿಮಾನ ಎದ್ದರೂ ಸದ್ದಿನ ಮೇಲೆಯೇ "ಇದರ ಎಂಜಿನ್ ಕೆಮ್ಮಾಕತ್ತೈತಿ" ಅಂತ ಹೇಳುವ ಮನುಷ್ಯ. ಸಾವಿರ ವಿಮಾನ ಬಿಚ್ಚಿ ಜೋಡಿಸಿದ್ದರೂ ಒಂದನ್ನೂ ಹಾರಿಸಿರಲಿಲ್ಲವಂತೆ, ಆ ಸಿಟ್ಟಿಗೆ ಈಗ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಹಾರಿಸುತ್ತಿದ್ದರು. ಇವರ ಪಾದವನ್ನು ನಟ್ಟು ಬೋಲ್ಟು ನೋಡುವ ಹಾಗೆ ಹಿಡಿದು ತಿರುಗಿಸಿ, "ತಮ್ಮಾ, ಟಾವೆಲ್ ಬಿಡು. ನಿನ್ನ ಎಡಗಾಲಿಗೆ ನನ್ನ ಕಡೆ ಡ್ಯೂಟಿ ಐತಿ," ಅಂದರು.

ಇವರು ಮೂರು ವಾರದಲ್ಲಿ ಮೊದಲ ಸಲ ಆಸಕ್ತಿಯಿಂದ ಎದ್ದು ಕೂತು, "ಎಂಥಾ ಡ್ಯೂಟಿರಿ?" ಅಂತ ಕೇಳಿದರು. ನನಗೆ ಅಷ್ಟೇ ಸಾಕಾಗಿತ್ತು.

ಉತ್ಸಾಹದಲ್ಲಿ ನಾನು ಮಾಡಿದ ಮೊದಲ ಕೆಲಸ ತಪ್ಪು ಪೆಡಲು ತರಿಸಿದ್ದು. ಕಾಕಾ "ಪೆಡಲು ಬೇಕು ತಂಗಿ" ಅಂದರು, ನಾನು ಫೋನಿನಲ್ಲಿ ಹುಡುಕಿ, ಫೋಟೋ ಚಂದ ಇದ್ದದ್ದನ್ನು ತರಿಸಿಬಿಟ್ಟೆ. ಬಿಚ್ಚಿದರೆ ಮೂರು ಪೆಡಲು. ನಾನು "ನೋಡ್ರಿ ಕಾಕಾ, ಒಂದು ಹೆಚ್ಚಿಗೀನ ಬಂದೈತಿ," ಅಂತ ಹೆಮ್ಮೆಯಿಂದ ಮುಂದಿಟ್ಟೆ. ಕಾಕಾ ಕನ್ನಡಕ ಮೇಲೇರಿಸಿ ನೋಡಿದರು.

"ತಂಗಿ, ಇದು ಕಾರಿನ ಆಟದ್ದು. ಕ್ಲಚ್ಚು, ಬ್ರೇಕು, ಎಕ್ಸಲೇಟರ್. ಆಕಾಶದಾಗ ಗೇರ್ ಬದಲಸ್ತಾನೇನು ನಿನ್ನ ಗಂಡ?"

ಅದನ್ನು ವಾಪಸು ಕಳಿಸುವ ದಿನ ದಾಟಿಹೋಯಿತು. ಅಟ್ಟಕ್ಕೆ ಹೋಯಿತು. ಈಗಲೂ ಅಲ್ಲೇ ಇದೆ.

ಎರಡನೇ ಸಲ ಕಾಕಾನನ್ನೇ ಕರೆದುಕೊಂಡು ಸಿಕಂದರಾಬಾದಿನ ಕಂಪ್ಯೂಟರ್ ಬಜಾರಿಗೆ ಹೋದೆ. ಸೀರೆ ಅಂಗಡಿಯಲ್ಲಿ ನಾನು ಇಪ್ಪತ್ತು ಸೀರೆ ಬಿಚ್ಚಿಸಿ ಬರಿಗೈಯಲ್ಲಿ ಎದ್ದರೆ ಇವರು ನಗುತ್ತಾರಲ್ಲ, ಕಾಕಾ ಅವತ್ತು ಮಾಡಿದ್ದು ನೋಡಬೇಕಿತ್ತು. ಅಂಗಡಿಯವ ಒಂದು ಹಗುರ ಪ್ಲಾಸ್ಟಿಕ್ಕಿನದು ಮುಂದಿಟ್ಟು "ಲೇಲೋ ಅಮ್ಮಾ, ಫಸ್ಟ್ ಕ್ಲಾಸ್ ಮಾಲ್ ಹೈ" ಅಂದ. ಕಾಕಾ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಗಿರಾಕಿಗಳು ಓಡಾಡುವ ದಾರಿಯಲ್ಲೇ ಸ್ಟೂಲ್ ಹಾಕಿಸಿ ಕೂತರು. ಪೆಡಲು ನೆಲದ ಮೇಲಿಟ್ಟು ಒತ್ತಿದರು. ಪೆಡಲು ತಗ್ಗುವ ಬದಲು ಸರ್ರನೆ ಜಾರಿ ಎದುರಿನ ಅಂಗಡಿಯ ಮೆಟ್ಟಿಲಿಗೆ ಹೋಗಿ ಮುಟ್ಟಿತು. "ಇದು ಹಾರೂದಕ್ಕಿಂತ ಮೊದಲ ಓಡಿ ಹೋತು," ಅಂದರು.

ಅವತ್ತು ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ, ಯಾವಾಗಾದರೂ ಬೇಕಾದೀತು. ಒಂದು ಪೆಡಲು ಮುಂದೆ ಹೋದರೆ ಇನ್ನೊಂದು ತಾನಾಗಿ ಹಿಂದೆ ಬರಬೇಕು. ("ಗಂಡ ಹೆಂಡ್ತಿ ಇದ್ದಂಗ ತಂಗಿ, ಇಬ್ರೂ ಕೂಡೇ ಮುಂದ ನುಗ್ಗಿದ್ರ ನಡೆಯಂಗಿಲ್ಲ.") ಹಿಮ್ಮಡಿ ಊರಲು ಜಾಗ ಇರಬೇಕು. ಎರಡರ ನಡುವೆ ಅಂತರ ಇರಬೇಕು, ಮೊಣಕಾಲು ಮೊಣಕಾಲು ತಾಕಿದರೆ ಸೊಂಟ ಹಿಡಿಯುತ್ತದೆ. ಬೆರಳ ತುದಿಯಿಂದ ಒತ್ತಿದರೆ ಬ್ರೇಕು, ಇಡೀ ಪಾದ ದೂಡಿದರೆ ರಡ್ಡರು. ಒಳಗಿನ ಸ್ಪ್ರಿಂಗು ಬಿಗಿಯೂ ಇರಬಾರದು, ಸಡಿಲವೂ ಇರಬಾರದು. ಇಷ್ಟಾಗಿ ಎಲ್ಲಕ್ಕಿಂತ ಮುಖ್ಯ, ಭಾರ ಇರಬೇಕು. ಆರನೇ ಅಂಗಡಿಯಲ್ಲಿ ಒರಳಿನಷ್ಟು ಭಾರದ್ದು ಸಿಕ್ಕಿತು. ಕಾಕಾ ಕಣ್ಣುಮುಚ್ಚಿ ಎಡಕ್ಕೆ ಬಲಕ್ಕೆ ಹತ್ತು ಸಲ ತುಳಿದು, "ಹಾಂ, ಇದಕ್ಕ ಮರ್ಯಾದಿ ಐತಿ," ಅಂದರು. ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದವಳು ನಾನು. ಎರಡು ದಿನ ತೊಡೆ ನೋವಿತ್ತು.

ಭಾರದ ಪೆಡಲು ತಂದಾಯಿತು, ಅದು ಜಾರಲಿಲ್ಲ. ಈಗ ಕುರ್ಚಿ ಜಾರಿತು! ಇವರದು ಚಕ್ರದ ಕುರ್ಚಿ. ವಿಮಾನ ಓಡಲು ಶುರುಮಾಡಿ, ಇವರು ಕಾಲು ಒತ್ತಿದ ಕೂಡಲೇ ವಿಮಾನ ಮುಂದಕ್ಕೆ, ಪೈಲಟು ಹಿಂದಕ್ಕೆ. ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು, "ಬ್ಯಾಳಿ ಕುದೀತೇನು?" ಅಂತ ಏನೂ ಆಗದವರ ಹಾಗೆ ಕೇಳಿದರು. ಮರುದಿನ ಊಟಕ್ಕೆ ಬಡಿಸಲು ಹೋದರೆ ಸಾರು ಹಾಕುವ ನನ್ನ ಸ್ಟೀಲಿನ ಆರು ವಾಟಿಗಳಲ್ಲಿ ಐದು ನಾಪತ್ತೆ. ಮನೆಯೆಲ್ಲ ಹುಡುಕಿದೆ. ನೋಡಿದರೆ ಕುರ್ಚಿಯ ಐದು ಚಕ್ರಗಳು ಐದು ವಾಟಿಯಲ್ಲಿ ಅಚ್ಚುಕಟ್ಟಾಗಿ ಕೂತಿವೆ. ನನ್ನ ತವರಿನವರು ಕೊಟ್ಟ ವಾಟಿ ಅವು! ಜಗಳವಾಡಬೇಕು ಅಂತ ಬಾಯಿ ತೆರೆದೆ. ಆದರೆ ಅವನ್ನು ಅಲ್ಲಿಡಬೇಕಾದರೆ ಇವರು ನೆಲಕ್ಕೆ ಕೂತು, ಒಬ್ಬರೇ, ಆ ಕಾಲು ಊರಿ, ಮತ್ತೆ ಎದ್ದಿರಬೇಕಲ್ಲ ಅಂತ ಹೊಳೆದು ಬಾಯಿ ಮುಚ್ಚಿದೆ. ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಸಾರು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಲ್ಲಿ.

ಕಾಕಾ ಕಂಪ್ಯೂಟರಿನಲ್ಲಿ ಬೇಗಂಪೇಟೆಯ ರನ್‌ವೇಯನ್ನೇ ಇಟ್ಟರು. "ಶಂಶಾಬಾದಿನ ಹೊಸಾ ನಿಲ್ದಾಣ ಭಾಳ ಅಗಲ ಐತಿ, ಅಲ್ಲೆ ಎಮ್ಮಿನೂ ಇಳೀತಾವ," ಅಂದರು. ಆಮೇಲೆ ಬಲಗಡೆಯಿಂದ ಗಾಳಿ ಬಿಟ್ಟರು. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಗೆ ವಿಮಾನದ ಮೂತಿ ತಿರುಗುತ್ತದಂತೆ. ಅಂದರೆ ಬಲಕ್ಕೆ. ಅದನ್ನು ತಡೆದು ನೆಟ್ಟಗೆ ಇಡಬೇಕಾದದ್ದು ಎಡಗಾಲು. ಇದೇ ಕಾಕಾ ಹೇಳಿದ ಡ್ಯೂಟಿ.

ಮೊದಲ ದಿನ ವಿಮಾನ ಇಳಿದು, ಬಲಕ್ಕೆ ಹೊರಳಿ, ಹುಲ್ಲಿಗೆ ಹೋಗಿ ನಿಂತಿತು. ಎರಡನೇ ದಿನವೂ ಹುಲ್ಲು. ಕಾಲಿನ ನಿಶ್ಶಕ್ತಿ ಒಂದು ಕಾರಣ. ಇನ್ನೊಂದು ಕಾರಣ ಕಾಕಾ ಬಾಜೂಕ್ಕೆ ಕೂತು ಕಂಡುಹಿಡಿದರು. ನೆಲಕ್ಕೆ ಮುಟ್ಟಿದ ಕೂಡಲೇ ಇವರು ಗಾಬರಿಯಾಗಿ ಬಲಗಾಲನ್ನು ಢಬ್ ಅಂತ ತುಳಿಯುತ್ತಿದ್ದರು. ಸ್ಕೂಟರಿನ ಬ್ರೇಕು! ಮೂವತ್ತು ವರ್ಷ ಹೈದರಾಬಾದಿನ ರಸ್ತೆಯಲ್ಲಿ, ಅಡ್ಡ ಬಂದ ಆಟೋಗಳಿಗೆಲ್ಲ ತುಳಿದ ಬ್ರೇಕನ್ನು ಬಲಗಾಲು ಮರೆತಿರಲಿಲ್ಲ. ವಿಮಾನ ಪಾಪ, ಬಲಕ್ಕೆ ತಿರುಗು ಅಂದರು ಅಂತ ತಿಳಿದು ಹುಲ್ಲಿಗೆ ಹೋಗುತ್ತಿತ್ತು.

"ತಮ್ಮಾ, ರನ್‌ವೇ ಮ್ಯಾಲೆ ಆಟೋ ಬರಂಗಿಲ್ಲ," ಅಂತ ಕಾಕಾ ದಿನಾ ಹೇಳಬೇಕಾಯಿತು.

ಎರಡು ವಾರ ಹುಲ್ಲೇ ಹುಲ್ಲು. ಹೊಸ ಆಟದ ಹುರುಪು ಇಳಿಯತೊಡಗಿತು. ಒಂದು ಸಂಜೆ ಇವರು ಮೂರು ಸಲ ಹುಲ್ಲಿಗೆ ಹೋಗಿ, ಕಂಪ್ಯೂಟರ್ ಬಂದ್ ಮಾಡಿ, "ಇದೂ ಟಾವೆಲ್ಲ ಆತು," ಅಂದರು. ಅವತ್ತು ನಾನು ಮೇಲೆ ಹೋಗಿ ಕಾಕಾನ ಮುಂದೆ ಕೂತೆ. ಒಂದೇ ಒಂದು ಸಲ ಸೀದಾ ಹೋದರೆ ಇವರಿಗೆ ಧೈರ್ಯ ಬರುತ್ತದೆ, ಏನಾದರೂ ಮಾಡಿರಿ ಅಂದೆ. ಕಾಕಾ ತಲೆ ಕೆರೆದುಕೊಂಡರು. ಆಮೇಲೆ ಹೇಳಿದರು: ಕಂಪ್ಯೂಟರಿನಲ್ಲಿ ಒಂದು ಪುಟ ಇದೆ. ಎಡಗಡೆ ಸ್ವಲ್ಪ ಒತ್ತಿದರೂ ಪೂರಾ ಒತ್ತಿದ ಹಾಗೆ ಲೆಕ್ಕ ಹಿಡಿ ಅಂತ ಅಲ್ಲಿ ಹೇಳಬಹುದು. ಸೊನ್ನೆಯಿಂದ ಹತ್ತರವರೆಗೆ ಮನೆಗಳಿರುತ್ತವೆ. ಸೊನ್ನೆಯೆಂದರೆ ಖರೇ ಕಾಲು, ಹತ್ತೆಂದರೆ ಭರ್ತಿ ಸಹಾಯ.

"ಹತ್ತಕ್ಕ ಇಡ್ತೀನಿ ತಂಗಿ. ವಾರಕ್ಕೊಂದು ಮನಿ ನೀನ ಇಳಿಸ್ಕೋತ ಹೋಗು. ಅವಂಗ ಸುಳಿವು ಹತ್ತಬಾರದು."

ಹೀಗೆ ನಾನು ಜೀವನದಲ್ಲಿ ಮೊದಲ ಸಲ ಕಂಪ್ಯೂಟರ್ ಕಲಿತೆ, ಅದೂ ಗಂಡನಿಗೆ ಮೋಸ ಮಾಡಲಿಕ್ಕೆ. ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ: ಮೊದಲು ಇದನ್ನು ಒತ್ತು, ಆಮೇಲೆ ಅದನ್ನು, ಚುಕ್ಕೆ ಎಳೆ, ಮುಚ್ಚು. ಆದಿತ್ಯವಾರ ಇವರ ಸ್ನಾನ ಮುಕ್ಕಾಲು ಗಂಟೆ; ಕಳ್ಳಿಗೆ ಅಷ್ಟು ಹೊತ್ತು ಸಾಕು.

ಆಹಾ, ಆ ವಾರದ ಸಂಭ್ರಮ! ವಿಮಾನ ಇಳಿಯಿತು, ಬಿಳಿ ಗೆರೆಯ ಮೇಲೆ ದಾರ ಹಿಡಿದ ಹಾಗೆ ಸೀದಾ ಹೋಗಿ ನಿಂತಿತು. ಇವರು ಕುರ್ಚಿಯಲ್ಲಿ ತಿರುಗಿ ನನ್ನನ್ನು ನೋಡಿದರು. ಎರಡು ತಿಂಗಳಲ್ಲಿ ಕಂಡಿರದ ನಗು. ನಾನೂ ನಕ್ಕೆ, ನಗುತ್ತಲೇ ಚಹಾ ತರುತ್ತೇನೆ ಅಂತ ಎದ್ದೆ, ಮುಖ ಕೊಟ್ಟು ಕೂಡಲು ಧೈರ್ಯವಾಗಲಿಲ್ಲ. ಅಂದಿನಿಂದ ದಿನಾ ಸಂಜೆ ಒಂದು ತಾಸು ಹಾರಾಟ. ನಾನು ಚಹಾ ಮಾಡಿ ತಂದು ಬಾಜೂಕ್ಕೆ ಕೂಡುವುದು, ಇವರು ಇಳಿಸುವುದು. ಹತ್ತು ಒಂಬತ್ತಾಯಿತು, ಒಂಬತ್ತು ಎಂಟಾಯಿತು, ವಿಮಾನ ಸೀದಾನೇ ಹೋಯಿತು.

ಎಂಟನ್ನು ಏಳಕ್ಕೆ ಇಳಿಸಿದ ವಾರ ವಿಮಾನ ಮತ್ತೆ ಹುಲ್ಲಿಗೆ ಹೋಯಿತು.

ಒಂದು ದಿನ ಅಲ್ಲ, ಎರಡು ದಿನ ಅಲ್ಲ, ವಾರಪೂರ್ತಿ. ಕಾಲು ಮತ್ತೆ ಬಿದ್ದುಹೋಗುತ್ತಿದೆಯೇ? ಆದಿತ್ಯವಾರ ಇಳಿಸುವ ಬದಲು ಏರಿಸಿ ಒಂಬತ್ತಕ್ಕಿಟ್ಟೆ. ಹುಲ್ಲು. ಹತ್ತಕ್ಕಿಟ್ಟೆ. ಹುಲ್ಲು! ಭರ್ತಿ ಸಹಾಯ ಕೊಟ್ಟರೂ ಹುಲ್ಲು ಅಂದರೆ ಇನ್ನೇನು ಉಳಿಯಿತು? ಫಿಜಿಯೋಥೆರಪಿಯಾಕೆ ನೋಡಿ, "ಕಾಲು ಮೊದಲಿಗಿಂತ ಚಲೋ ಇದೆಯಲ್ಲ" ಅಂದಳು. ನಾನು ಅವಳನ್ನು ನಂಬಲಿಲ್ಲ, ವಿಮಾನವನ್ನು ನಂಬಿದೆ. ಅವಳನ್ನು ಕಳಿಸಲು ಹೋದವಳು ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗಿಟ್ಟು ಅತ್ತೆ. ಕಾಕಾನ ಹತ್ತಿರ ಓಡಿದರೆ ಅವರು ಕೆಮ್ಮಿ, ಕನ್ನಡಕ ತೆಗೆದು ಒರೆಸಿ, "ಮಷೀನು ತಂಗಿ... ಒಮ್ಮೊಮ್ಮೆ ಬಿಸಿ ಆಗ್ತೈತಿ. ನೀ ಅಂಜಬ್ಯಾಡ," ಅಂದರು. ಸಾವಿರ ವಿಮಾನ ಬಿಚ್ಚಿದವರು ಇಷ್ಟು ಬಾಲಿಶ ಉತ್ತರ ಕೊಟ್ಟಾಗಲೇ ನನಗೆ ಸಂಶಯ ಬರಬೇಕಿತ್ತು. ಗಾಬರಿಯಲ್ಲಿ ಬುದ್ಧಿ ಎಲ್ಲಿರುತ್ತದೆ ಹೇಳಿ.

ಇವರು ಮಾತ್ರ ಈ ಸಲ ಕೈಬಿಡಲಿಲ್ಲ. ಹುಲ್ಲಿಗೆ ಹೋದರೆ ಹಲ್ಲು ಕಚ್ಚಿ ಮತ್ತೆ ಏಳುತ್ತಿದ್ದರು. ಒಂದು ತಾಸು ಎರಡಾಯಿತು. ಪೆಡಲು ಕಿರ್ ಅನ್ನತೊಡಗಿದಾಗ ನನ್ನ ಹೊಲಿಗೆ ಮಷೀನಿನ ಎಣ್ಣೆ ಬುಡ್ಡಿ ಅಲ್ಲಿಗೆ ಹೋಯಿತು. ಅಷ್ಟರಲ್ಲಿ ದಸರೆ ಬಂತು. ನಮ್ಮಲ್ಲಿ ಖಂಡೆಪೂಜೆಗೆ ದುಡಿಯುವ ಸಾಮಾನುಗಳನ್ನೆಲ್ಲ ಇಟ್ಟು ಪೂಜಿಸುವುದುಂಟು. ಇವರ ಅಳತೆಯ ಸಾಧನ, ನನ್ನ ಕತ್ತರಿ, ಈಳಿಗೆಮಣೆಗಳ ಸಾಲಿಗೆ ಆ ವರ್ಷ ಪೆಡಲೂ ಬಂತು. ನಾನು ಕುಂಕುಮವನ್ನು ಎಡಗಡೆಯದಕ್ಕೆ ಮಾತ್ರ ಹಚ್ಚಿದೆ. ದೇವರಿಗೆ ಯಾವುದು ಅಂತ ಗೊಂದಲ ಆಗಬಾರದಲ್ಲ.

ದೀಪಾವಳಿಯ ಹೊತ್ತಿಗೆ ವಿಮಾನ ಹತ್ತರಲ್ಲಿ ಮೂರು ಸಲ ಸೀದಾ ಹೋಯಿತು. ಆಮೇಲೆ ಐದು ಸಲ. ನಾನು ಹೆದರುತ್ತ ಹೆದರುತ್ತ ಮತ್ತೆ ಒಂದೊಂದೇ ಮನೆ ಇಳಿಸಿದೆ. ಸೊನ್ನೆಗೆ ತಂದ ವಾರ ಹತ್ತಕ್ಕೆ ಹತ್ತೂ ಬಿಳಿ ಗೆರೆಯ ಮೇಲೆ! ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಇವರು ಹಳದಿ ಬಟ್ಟೆ ಹಿಡಿದು ಕೆಳಗೆ ಇಳಿದರು. ಸ್ಕೂಟರ್ ಒರೆಸಿ, ಅದಕ್ಕೆ ಏನೋ ಹೇಳಿ, ಕಾಲು ಹಾಕಿ ಕೂತರು. ನಾನು ಬಾಲ್ಕನಿಯಲ್ಲಿ ಕೈ ಮುಗಿದು ನಿಂತಿದ್ದೆ. ಒಂದು ಸುತ್ತು ಹೊಡೆದು ಬಂದು, ಮೇಲೆ ನೋಡಿ, "ಕೊತ್ತಂಬರಿ ತರಬೇಕೇನು?" ಅಂತ ಕೂಗಿದರು. ಮುಂದಿನ ವಾರ ಡ್ಯೂಟಿಗೆ ಹಾಜರಾದರು, ಮೊದಲ ದಿನವೇ ಯಾರದೋ ಬಿಡಿಭಾಗಕ್ಕೆ ಕೆಂಪು ಬಣ್ಣ ಬಳಿದು ಬಂದರು. ಪೆಡಲು ಮಂಚದ ಕೆಳಗೆ ಸೇರಿತು, ವಾಟಿಗಳು ಅಡಿಗೆಮನೆಗೆ ಮರಳಿದವು. ಕಾಕಾ ಎರಡು ವರ್ಷದ ಹಿಂದೆ ಶಂಶಾಬಾದಿನಲ್ಲಿ ಹೊಸ ಮನೆ ಹಿಡಿದು ಹೋದರು, ವಿಮಾನದ ಸದ್ದು ಸಾಲುತ್ತಿಲ್ಲ ಅಂತ. ಆ ಸೊನ್ನೆ ಹತ್ತರ ಗುಟ್ಟು ಮಾತ್ರ ನನ್ನ ಹೊಟ್ಟೆಯಲ್ಲೇ ಉಳಿಯಿತು. ಹೇಳಿದರೆ ಇವರು ತಮ್ಮ ಕಾಲಿಗೇ ಕೆಂಪು ಬಣ್ಣ ಬಳಿದಾರು ಅನ್ನುವ ಭಯ.

ಸಂಜೆ ಕೊಂಡಾಪುರದ ಹೆಣ್ಣುಮಗಳು ಬಂದಳು. ಸಾಫ್ಟ್‌ವೇರಿನವಳು, ರಜೆಯ ದಿನ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚಂತೆ. ಕೂತ ಕೂಡಲೇ ಪೆಡಲನ್ನು ಮುಂದೆ ಎಳೆದುಕೊಂಡು, ಹೆಬ್ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಹಿಂದಿಯಲ್ಲಿ ಕೇಳಿದಳು: ಅಂಕಲ್, ಬಲಗಡೆಯ ರಬ್ಬರು ಹೊಸದರ ಹಾಗಿದೆ, ಎಡಗಡೆಯದು ಪೂರ್ತಿ ಸವೆದು ನುಣ್ಣಗಾಗಿದೆಯಲ್ಲ, ಇದರಲ್ಲಿ ಏನಾದರೂ ದೋಷ ಇದೆಯೇ?

ನಾನು ಬಗ್ಗಿ ನೋಡಿದೆ. ಹೌದು. ಬೆಳಿಗ್ಗೆಯಿಂದ ಕಣ್ಣ ಮುಂದೇ ಇದ್ದರೂ ನೋಡಿರಲಿಲ್ಲ. ಎಡಗಡೆಯ ರಬ್ಬರಿನ ಗೀರುಗಳೆಲ್ಲ ಮಾಯವಾಗಿ, ಹೆಬ್ಬೆರಳು ಕೂಡುವ ಕಡೆ ಒಳಗಿನ ಕಬ್ಬಿಣ ಮಿನುಗುತ್ತಿತ್ತು. ಅಂಚಿನಲ್ಲಿ ಕುಂಕುಮದ ಕಲೆ.

"ದೋಷ ಏನಿಲ್ಲ, ಹಚ್ಚಿ ನೋಡಿಕೋ," ಅಂತ ಇವರೂ ಹಿಂದಿಯಲ್ಲೇ ಹೇಳಿ ಕಂಪ್ಯೂಟರಿಗೆ ಜೋಡಿಸಿಕೊಟ್ಟರು. "ಮೊದಲು ಆ ಪುಟ ತೆಗೆದು ಎರಡೂ ಕಡೆ ಸಮ ಇದೆಯೋ ಇಲ್ಲವೋ ನೋಡು. ಈ ಮನೆಯಲ್ಲಿ ಒಬ್ಬರು ಅಲ್ಲಿ ಕೈಯಾಡಿಸುತ್ತಾರೆ."

ನಾನು ಚಹಾದ ಟ್ರೇ ಕೆಳಗಿಟ್ಟು ಇವರ ಕಡೆ ತಿರುಗಿದೆ.

"ನಿಮಗ ಗೊತ್ತಿತ್ತೇನ್ರಿ?"

"ಮೂರು ವಾರ ಆದ ಮ್ಯಾಲಿಂದ," ಅಂದರು ಕನ್ನಡಕ್ಕೆ ಬಂದು. "ಮುಂಜಾನೆ ಹಲ್ಲು ತಿಕ್ಕಾಕ ನಿಂತ್ರ ಕಾಲು ಗಡಗಡ ನಡಗ್ತಿತ್ತು. ಸಂಜೀಕ ನೋಡಿದ್ರ ವಿಮಾನ ಸೀದಾ. ಎರಡರಾಗ ಒಂದು ಸುಳ್ಳು ಹೇಳಾಕತ್ತೈತಿ ಅಂತ ತೆಗೆದು ನೋಡಿದೆ. ನೀ ಚಾ ಮಾಡಾಕ ಹೋದಾಗ ಸೊನ್ನೀಗೆ ಇಡ್ತಿದ್ದೆ, ಆಟ ಮುಗದ ಮ್ಯಾಲೆ ನೀ ಇಟ್ಟಲ್ಲೇ ಮತ್ತ ಇಡ್ತಿದ್ದೆ. ಕಾಕಾಗೂ ಗೊತ್ತಿತ್ತು."

ತಕ್ಕಡಿ ಎತ್ತಿ ನೋಡದೆ ಬದನೆಕಾಯಿ ತಗೊಳ್ಳದವರು! ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು. "ಆ ಮೂರು ವಾರ ನಾ ಮೆಟ್ಟಲ ಮ್ಯಾಲೆ ಕೂತು ಅತ್ತೀನ್ರಿ! ಕಾಲು ಹೋತು ಅಂತ ತಿಳದಿದ್ದೆ! ಒಂದು ಮಾತು ಹೇಳಬಾರದಿತ್ತೇನು?"

ನಾನು ಅತ್ತದ್ದು ಇವರಿಗೆ ಗೊತ್ತಿರಲಿಲ್ಲ. "ತಪ್ಪಾತು," ಅಂದರು. ಈ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. "ಹೇಳಬೇಕಂತ ಮಾಡಿದ್ದೆ. ಒಂದಿನ ನೋಡ್ತೀನಿ, ಏಳರ ಮ್ಯಾಲಿದ್ದದ್ದು ಒಂಬತ್ತಾಗೈತಿ. ಮುಂದಿನ ವಾರ ಹತ್ತು. ಈಕಿ ಅಂಜ್ಯಾಳ ಅಂತ ತಿಳೀತು. ಆ ಹತ್ತು ನೋಡಿದಾಗೆಲ್ಲ ಇನ್ನಷ್ಟು ಜೋರ ಒತ್ತಬೇಕು ಅನಸ್ತಿತ್ತು. ಹೇಳಿಬಿಟ್ಟಿದ್ರ ಆ ಹತ್ತು ಇರ್ತಿದ್ದಿಲ್ಲ."

ಪೆಡಲು ನೋಡಲು ಬಂದವಳಿಗೆ ಕನ್ನಡ ತಿಳಿಯದಿದ್ದರೂ ಏನೋ ತಿಳಿಯಿತು. ಚಹಾದ ಕಪ್ಪು ಹಿಡಿದು ಒಮ್ಮೆ ಇವರನ್ನು, ಒಮ್ಮೆ ನನ್ನನ್ನು ನೋಡಿದಳು. ನಾನು ಸೆರಗಿನಿಂದ ಮೂಗು ಒರೆಸಿ, ಇದನ್ನು ಕೊಡುವುದಿಲ್ಲಮ್ಮಾ, ತಪ್ಪು ತಿಳಿಯಬೇಡ, ಅಂತ ಹಿಂದಿಯಲ್ಲೇ ಹೇಳಿದೆ. ಕೊಂಡಾಪುರದಿಂದ ಟ್ರಾಫಿಕ್ಕಿನಲ್ಲಿ ಬಂದವಳನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಇವರನ್ನು ಸ್ಟೂಲಿನ ಮೇಲೆ ಹತ್ತಿಸಿ ಅಟ್ಟದ ಮೇಲಿನ ಕಾರಿನ ಪೆಡಲು ಇಳಿಸಿ, ಧೂಳು ಒರೆಸಿ, ಹಿಡಿ ಚಕ್ಕುಲಿಯ ಜೊತೆಗೆ ಕೊಟ್ಟೆ. ವಿಮಾನಕ್ಕೆ ಬಂದವಳು ಕ್ಲಚ್ಚು ಬ್ರೇಕು ಹೊತ್ತುಕೊಂಡು ನಗುತ್ತ ಹೋದಳು.

"ಮಾರ್ರಿ ಮಾರ್ರಿ ಅಂತ ಮೂರು ವರ್ಷದಿಂದ ಯಾರೋ ಜೀವ ತಿಂತಿದ್ರಪ್ಪ," ಅಂದರು ಇವರು ಬಾಗಿಲು ಹಾಕುತ್ತ.

ನಾನು ಅಡಿಗೆಮನೆಗೆ ಹೋಗಿ ಐದು ವಾಟಿ ತಂದು ಕುರ್ಚಿಯ ಚಕ್ರಗಳ ಕೆಳಗೆ ಒಂದೊಂದೇ ಇಟ್ಟೆ. ಇವತ್ತಿನ ಸಾರು ಮತ್ತೆ ಮುಚ್ಚಳದಲ್ಲೇ. ಆಮೇಲೆ ಕುರ್ಚಿಯಲ್ಲಿ ಕೂತು, ಆರು ವರ್ಷದಲ್ಲಿ ಮೊದಲ ಸಲ ನನ್ನ ಎಡಗಾಲನ್ನು ಆ ಸವೆದ ರಬ್ಬರಿನ ಮೇಲಿಟ್ಟು ಒತ್ತಿದೆ. ಅಯ್ಯೋ, ಎಷ್ಟು ಬಿಗಿ! ಏನೂ ಆಗದ ನನ್ನ ಕಾಲೇ ನಡುಗಿತು. ಇದನ್ನು ಆ ಕಾಲಿನಿಂದ ದಿನಕ್ಕೆ ಎರಡು ತಾಸು ಒತ್ತುತ್ತಿದ್ದರೇ? ವಿಮಾನ ಬಲಕ್ಕೆ ಹೊರಳಿ ಹುಲ್ಲಿಗೆ ಹೋಯಿತು.

ಬಾಜೂಕ್ಕೆ ಸ್ಟೂಲು ಎಳೆದುಕೊಂಡು ಕೂತ ಇವರು ಕಂಪ್ಯೂಟರಿನ ಕಡೆ ಕೈ ಚಾಚಿ ಕೇಳಿದರು, "ಹತ್ತಕ್ಕ ಇಡಲೇನು?"

"ಬ್ಯಾಡ್ರಿ," ಅಂದೆ, "ಸೊನ್ನೀಕ ಇರಲಿ."